ದ್ವೀಪ ಖಾಲಿ ಮಾಡಿಸುವ ಕಲೆ: ಕರಡು ಬರೆಯುವ ಸಾಹೇಬರಿಗೊಂದು ಬಹಿರಂಗ ಪತ್ರ

ಲಂಡನ್ನಿನ ವಿದೇಶಾಂಗ ಕಚೇರಿಯಲ್ಲಿ ಕರಡು ಬರೆಯುವ ಸನ್ಮಾನ್ಯ ಸಾಹೇಬರಿಗೆ,



ಪರರ ನೆಲ ನುಂಗುವವರು ನಮ್ಮಲ್ಲೂ ಕಡಿಮೆಯಿಲ್ಲ. ಆದರೆ ಅವರು ರಾತ್ರೋರಾತ್ರಿ ಬೇಲಿ ಸರಿಸಿ, ಬೆಳಗಾದರೆ ದೊಣ್ಣೆ ಹಿಡಿದು ನಿಲ್ಲುವ ಹುಂಬರು. ಹಿಂದೂ ಮಹಾಸಾಗರದ ಚಾಗೋಸ್ ದ್ವೀಪಗಳ ವಿಷಯದಲ್ಲಿ ತಾವು ತೋರಿದ ಅಚ್ಚುಕಟ್ಟು ಅವರಿಗೆಲ್ಲಿ ಬರಬೇಕು?

ವಸಾಹತುಗಳನ್ನು ತುಂಡು ಮಾಡಬೇಡಿ ಎಂದು ವಿಶ್ವಸಂಸ್ಥೆ 1960ರಲ್ಲೇ ಹೇಳಿತ್ತು. ತಾವು ತುಂಡು ಮಾಡಿದಿರೆಂದು ಹೇಳುವವರ ನಾಲಿಗೆ ಬಿದ್ದುಹೋಗಲಿ! 1965ರಲ್ಲಿ, ಮಾರಿಷಸ್ ಇನ್ನೂ ತಮ್ಮ ಮುಷ್ಟಿಯಲ್ಲಿದ್ದಾಗಲೇ, ಅದರ ‘ಒಪ್ಪಿಗೆ’ ಪಡೆದು, 30 ಲಕ್ಷ ಪೌಂಡ್ ಗೊತ್ತುಮಾಡಿ, ಚಾಗೋಸನ್ನು ಬೇರೆ ಮಾಡಿಕೊಂಡಿರಿ. ಸೆರೆಮನೆಯ ಬೀಗ ತೆಗೆಯುವ ಮೊದಲು ಕೈದಿಯಿಂದ ರುಜು ಹಾಕಿಸಿಕೊಂಡರೆ ಅದೂ ಒಪ್ಪಿಗೆಯೇ ತಾನೆ? ಅದರಲ್ಲಿನ ಡಿಯೆಗೊ ಗಾರ್ಸಿಯಾ ದ್ವೀಪವನ್ನು ಅಮೆರಿಕದ ಸೇನಾ ನೆಲೆಗೆ ಬಿಟ್ಟುಕೊಟ್ಟಿರಿ. ಬಾಡಿಗೆಯ ಮಾತೆತ್ತಲಿಲ್ಲ, ಅವರಿಂದ ಕೊಳ್ಳುತ್ತಿದ್ದ ಪೊಲಾರಿಸ್ ಕ್ಷಿಪಣಿಗಳ ವ್ಯವಹಾರದಲ್ಲಿ 1.4 ಕೋಟಿ ಡಾಲರ್ ಗುಟ್ಟಾಗಿ ಮುರಿದುಕೊಂಡಿರಿ, ಅಷ್ಟೆ.

ಒಂದೇ ಒಂದು ತೊಡಕಿತ್ತು. ಅಲ್ಲಿ ಜನ ಇದ್ದರು. ಗುಲಾಮರಾಗಿ ಬಂದವರ ಮಕ್ಕಳು ಮೊಮ್ಮಕ್ಕಳು ತೆಂಗಿನ ತೋಟಗಳಲ್ಲಿ ಕೊಬ್ಬರಿ ಒಣಗಿಸಿಕೊಂಡು ತಲೆಮಾರುಗಳಿಂದ ಬದುಕಿದ್ದರು. ಕಾಯಂ ನಿವಾಸಿಗಳೆಂದು ಒಪ್ಪಿಕೊಂಡರೆ ವಿಶ್ವಸಂಸ್ಥೆಗೆ ಲೆಕ್ಕ ಕೊಡಬೇಕು. ಆಗ ತಮ್ಮ ಲೇಖನಿ ಮಿಂಚಿತು: ಇವರೆಲ್ಲ ಗುತ್ತಿಗೆ ಕೂಲಿಗಳು! ಅಜ್ಜ ಮುತ್ತಜ್ಜಂದಿರ ಗೋರಿಗಳಿದ್ದ ನೆಲದಿಂದ ಒಂದೇ ವಾಕ್ಯದಲ್ಲಿ ಅವರನ್ನು ಒಕ್ಕಲೆಬ್ಬಿಸಿದಿರಿ. ಹಡಗು ಹತ್ತಿಸುವುದಷ್ಟೇ ಬಾಕಿ. ಅದೂ 1973ರ ಹೊತ್ತಿಗೆ ಮುಗಿಯಿತು. ಅವರ ನಾಯಿಗಳನ್ನು ಕೊಬ್ಬರಿ ಒಣಗಿಸುವ ಕೊಟ್ಟಿಗೆಗೆ ಕೂಡಿ, ಸೇನಾ ವಾಹನಗಳ ಹೊಗೆ ಬಿಟ್ಟು ಕೊಲ್ಲಲಾಯಿತು. ಗುತ್ತಿಗೆ ಮುಗಿಯಿತೆಂದು ನಾಯಿಗೆ ತಿಳಿಹೇಳುವುದು ಕಷ್ಟ, ನೋಡಿ.

2000ದಲ್ಲಿ ತಮ್ಮದೇ ಹೈಕೋರ್ಟು, ದ್ವೀಪದವರನ್ನು ಹೊರಹಾಕಲು ತಾವು ಬರೆದ ಕಟ್ಟಳೆ ಅಕ್ರಮ ಎಂದಿತು. ತಾವು 2004ರಲ್ಲಿ ಪಾರ್ಲಿಮೆಂಟಿಗೆ ತೊಂದರೆ ಕೊಡದೆ, ರಾಣಿಯ ವಿಶೇಷಾಧಿಕಾರದಲ್ಲಿ ಬಾಗಿಲು ಮತ್ತೆ ಮುಚ್ಚಿದಿರಿ. 2010ರಲ್ಲಿ ಅಲ್ಲಿನ ಕಡಲನ್ನು ಸಂರಕ್ಷಿತ ಪ್ರದೇಶವೆಂದು ಸಾರಿದಿರಿ. ಜನರಿಗಿಲ್ಲದ ವಾಸದ ಹಕ್ಕು ಮೀನುಗಳಿಗೆ ಸಿಕ್ಕಿತು. 2019ರಲ್ಲಿ ಅಂತಾರಾಷ್ಟ್ರೀಯ ನ್ಯಾಯಾಲಯದ 14 ನ್ಯಾಯಾಧೀಶರಲ್ಲಿ 13 ಮಂದಿ ‘ಬೇಗ ಜಾಗ ಖಾಲಿ ಮಾಡಿ’ ಎಂಬ ಅರ್ಥದ ಅಭಿಪ್ರಾಯ ಕೊಟ್ಟಾಗ, ‘ಅದು ಬರೀ ಸಲಹೆ’ ಎಂದು ಸಮಾಧಾನವಾಗಿ ಪಕ್ಕಕ್ಕಿಟ್ಟಿರಿ. ದ್ವೀಪದವರಿಗೆ ಹೊರಡಿ ಎಂದದ್ದು ಮಾತ್ರ ಸಲಹೆಯಾಗಿರಲಿಲ್ಲ.

2025ರ ಮೇ ತಿಂಗಳಲ್ಲಿ ದ್ವೀಪಗಳನ್ನು ಮಾರಿಷಸ್‌ಗೆ ಮರಳಿಸುವ ಒಪ್ಪಂದಕ್ಕೂ ರುಜು ಹಾಕಿದಿರಿ. ನೆಲೆ ಮಾತ್ರ 99 ವರ್ಷ ಗುತ್ತಿಗೆಗೆ. ಮಾತುಕತೆಯ ಮೇಜಿನಲ್ಲಿ ಚಾಗೋಸಿನವರಿಗೆ ಕುರ್ಚಿ ಇರಲಿಲ್ಲ. ಡಿಯೆಗೊ ಗಾರ್ಸಿಯಾದಲ್ಲಿ ಮನೆ ಕಟ್ಟಲು ಈಗಲೂ ಜಾಗವಿಲ್ಲ. ಅಂತೂ ಗುತ್ತಿಗೆಯವರೆನಿಸಿಕೊಂಡವರು ಹೊರಗೆ, ಗುತ್ತಿಗೆ ಹಿಡಿದವರು ಒಳಗೆ.

ಕಾನೂನು ಮುರಿದು ಸಿಕ್ಕಿಬೀಳುವುದು ಬಡವರ ದಡ್ಡತನ. ದೋಚುವ ಮೊದಲೇ ಕಾನೂನು ಬರೆದಿಟ್ಟುಕೊಳ್ಳುವ ಜಾಣ್ಮೆಯನ್ನು ತಾವು ಜಗತ್ತಿಗೆ ಕಲಿಸಿದ್ದೀರಿ. ಆ ಉಪಕಾರಕ್ಕೆ ಋಣಿ.

ಇಂತಿ,
ತಮ್ಮ ಮುಂದಿನ ತಿದ್ದುಪಡಿಯವರೆಗೆ ತನ್ನೂರಿನ ಕಾಯಂ ನಿವಾಸಿಯಾಗಿರುವ
ಒಬ್ಬ ಕನ್ನಡಿಗ