ಸಾಂಬಾರಿನ ಕಲೆಗೆ ಟೆರೇಸಿನ ಕೀಲಿಕೈ

ಮಾಟುಂಗ ಸ್ಟೇಷನ್ನಿನ ಪಕ್ಕ 1942ರಿಂದ ನಡೆಯುತ್ತಿರುವ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿನಲ್ಲಿ ಬಾಳೆಲೆಯ ಮುಂದೆ ಕುಳಿತವರಲ್ಲಿ ಹೊಸಬರು ಯಾರು, ಹಳಬರು ಯಾರು ಎಂದು ದೂರದಿಂದಲೇ ಹೇಳಬಹುದು. ಸಾರು ಬಂದಾಗ ಹೊಸಬರು ಬಡಿಸುವವನ ಮುಖ ನೋಡುತ್ತಾರೆ. ಹಳಬರ ಕಣ್ಣು ಎಲೆಯ ಅಂಚಿನ ಮೇಲಿರುತ್ತದೆ. ಅನ್ನದ ಕಟ್ಟೆ ಒಡೆಯುವ ಮೊದಲೇ ಮೊಣಕಾಲು ಅತ್ತ ಸರಿದಿರುತ್ತದೆ.

ಇಷ್ಟೆಲ್ಲ ಜಾಗರೂಕರಾಗಿದ್ದರೂ ಮುಂಬಯಿಯಲ್ಲಿ ಅಂಗಿ ಉಳಿಸಿಕೊಳ್ಳುವುದು ಕಷ್ಟ. ಸಂಜೆಯ ವಿರಾರ್ ಫಾಸ್ಟಿನಿಂದ ಇಳಿದು ಮನೆಗೆ ಹೋದರೆ ಬೆನ್ನ ಮೇಲೆ ಬೆಳ್ಳುಳ್ಳಿ ಚಟ್ನಿಯ ಕೆಂಪು ಕಲೆ. ನಾವು ವಡಾಪಾವ್ ತಿಂದೇ ಇಲ್ಲ! ಯಾರದೋ ಹಸಿವು, ಯಾರದೋ ಅಂಗಿ. ಇಂಥ ಕಲೆಗೆ ಮನೆಯಲ್ಲಿ ವಿವರಣೆ ಕೊಡುವುದು ಅದನ್ನು ತೊಳೆಯುವುದಕ್ಕಿಂತ ತ್ರಾಸದ ಕೆಲಸ.

ಕಲೆಗಳಲ್ಲೂ ಸಾಧುಗಳಿವೆ. ಕಟಿಂಗ್ ಚಹಾ ಚೆಲ್ಲಿದರೆ ಕೂಡಲೇ ತಣ್ಣೀರು ಹಾಕಿದರಾಯಿತು, ಬಹುಪಾಲು ಬಿಟ್ಟುಕೊಡುತ್ತದೆ. ಹಾಲು, ಮೊಟ್ಟೆಗೂ ತಣ್ಣೀರೇ ಬೇಕು. ಅವಸರಪಟ್ಟು ಬಿಸಿನೀರು ಸುರಿದರೆ ಅದರಲ್ಲಿನ ಪ್ರೋಟೀನ್ ಬೆಂದು ನೂಲಿಗೆ ಕಚ್ಚಿಕೊಳ್ಳುತ್ತದೆ. ಗೇರುಹಣ್ಣಿನ ಕಲೆಗೆ ನಮ್ಮ ಊರ ಕಡೆಯ ಹಿರಿಯರು ಮದ್ದೇ ಹುಡುಕುತ್ತಿರಲಿಲ್ಲ. ಗೇರುಹಣ್ಣಿನ ಕಾಲ ಮುಗಿದರೆ ಕಲೆಯೂ ಹೋಗುತ್ತದೆ ಎಂದು ಬಿಟ್ಟುಬಿಡುತ್ತಿದ್ದರು. ಅಷ್ಟು ಹೊತ್ತಿಗೆ ಅಂಗಿಯೇ ಹರಿದಿರುತ್ತಿತ್ತು ಎನ್ನುವುದು ಬೇರೆ ಮಾತು. ಆದರೆ ಸಾಂಬಾರಿಗೆ ಕಾಲವೆಲ್ಲಿ? ವರ್ಷವಿಡೀ ಅರಿಸಿನ.

ಅರಿಸಿನದ ಹಳದಿ ನೀರಿಗೆ ಜಗ್ಗುವುದಿಲ್ಲ, ಎಣ್ಣೆಯಲ್ಲಿ ಸಲೀಸಾಗಿ ಕರಗುತ್ತದೆ. ಅಂದರೆ ಒಗ್ಗರಣೆಯ ಎಣ್ಣೆಯ ಬೆನ್ನೇರಿಯೇ ಅದು ಹತ್ತಿಬಟ್ಟೆಯ ಒಳಗೆ ಹೋಗುವುದು. ಗಾಬರಿಯಿಂದ ಸೋಪು ಹಚ್ಚಿ ಉಜ್ಜಿದರೆ ಹಳದಿ ಹೋಗಿ ರಕ್ತಗೆಂಪು ಬರುತ್ತದೆ. ಹೆದರಬೇಕಾಗಿಲ್ಲ. ಆರತಿಯ ತಟ್ಟೆಯಲ್ಲಿ ಅರಿಸಿನದ ನೀರಿಗೆ ಚಿಟಿಕೆ ಸುಣ್ಣ ಬಿದ್ದಾಗ ಆಗುವುದೂ ಇದೇ: ಕ್ಷಾರ ತಾಗಿದರೆ ಅರಿಸಿನ ಕೆಂಪಾಗುತ್ತದೆ. ಬಟ್ಟೆ ಜಾಲಿಸಿದರೆ ಮತ್ತೆ ಹಳದಿ. ಕೆಲವರು ಕಾಲು ದಿನ ಹೀಗೆ ಅಂಗಿಗೇ ಆರತಿ ಎತ್ತುತ್ತಿರುತ್ತಾರೆ.

ನಮ್ಮ ಬಿಲ್ಡಿಂಗಿನಲ್ಲಿ ಇದಕ್ಕೆ ಮಹಡಿಗೊಂದು ಶಾಸ್ತ್ರವಿದೆ. ಎರಡನೇ ಮಹಡಿಯ ಗುಜರಾತಿ ಭಾಭಿ ಮೊದಲು ಟಾಲ್ಕಂ ಪೌಡರ್ ಉದುರಿಸಿ ಎಣ್ಣೆ ಹೀರಿಸಿ ಎನ್ನುತ್ತಾರೆ. ಎದುರು ಮನೆಯ ಮರಾಠಿ ಕಾಕುವಿನದು ನಿಂಬೆಹಣ್ಣು, ಉಪ್ಪು. ಕೆಳಗಿನ ಶೆಟ್ಟರು ಜೀವಮಾನವೆಲ್ಲ ಬಿಳಿ ಅಂಗಿ ಹಾಕಿ ಹೋಟೆಲಿನ ಗಲ್ಲಾದ ಮೇಲೆ ಕುಳಿತವರು; ಅವರ ಮಾತಿಗೆ ತೂಕ ಜಾಸ್ತಿ. "ಪಾತ್ರೆ ತೊಳೆಯುವ ಲಿಕ್ವಿಡ್ ಹಚ್ಚಿ ಮಾರಾಯ್ರೆ, ಮೊದಲು ಎಣ್ಣೆ ಹೋಗಲಿ. ಆಮೇಲೆ ಒದ್ದೆ ಅಂಗಿಯನ್ನೇ ಬಿಸಿಲಿಗೆ ಹಾಕಿ." ಕಾಕು ಕೂಡ ನಿಂಬೆಹಣ್ಣು ಹಿಂಡಿದ ಮೇಲೆ ಹೇಳುವುದು ಅದನ್ನೇ: "ಉನ್ಹಾತ್ ಟಾಕಾ." ಬಿಸಿಲಲ್ಲಿ ಹಾಕಿ. ಶಾಸ್ತ್ರಗಳೆಲ್ಲ ಕೊನೆಗೆ ಸೂರ್ಯನ ಕಾಲಿಗೇ ಬೀಳುತ್ತವೆ. ಅದು ನಿಜವೂ ಹೌದು. ಅರಿಸಿನದ ಬಣ್ಣಕ್ಕೆ ಬೆಳಕು ಆಗದು. ಬೆಳಕು ತಾಗಿದಂತೆ ಅದು ಒಡೆದು ಮಂಕಾಗುತ್ತದೆ. ಒಂದೆರಡು ಒಳ್ಳೆಯ ಬಿಸಿಲು ಸಿಕ್ಕರೆ ಬಿಳಿ ಪಂಚೆಯಲ್ಲಿ ಗುರುತು ಹುಡುಕಬೇಕಾಗುತ್ತದೆ. ರೇಷ್ಮೆಗೆ ಮಾತ್ರ ಈ ಉಪಚಾರ ಬೇಡ, ಕಲೆಯ ಜೊತೆ ಸೀರೆಯ ಬಣ್ಣವೂ ಹೊರಟುಹೋಗುತ್ತದೆ.

ಆದರೆ ಮುಂಬಯಿಯಲ್ಲಿ ಬಿಸಿಲಿಗೆ ಏನು ಬೆಲೆ ಗೊತ್ತೆ? ಜುಲೈ ಒಂದರಲ್ಲೇ 800 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಊರು ಇದು. ಆಗ ಹಾಲಿನ ಫ್ಯಾನಿನ ಕೆಳಗೆ ಒಣಗಿದ ಅಂಗಿಯಲ್ಲಿ ಕಲೆಯ ಮೇಲೆ ಮುಗ್ಗಲು ವಾಸನೆಯೂ ಸೇರಿರುತ್ತದೆ. ಮಳೆ ಬಿಟ್ಟ ಮೇಲಾದರೂ ಏನು? ನಮ್ಮ ಕಿಟಕಿಯ ಗ್ರಿಲ್ಲಿಗೂ ಪಕ್ಕದ ಬಿಲ್ಡಿಂಗಿನ ಗ್ರಿಲ್ಲಿಗೂ ನಡುವೆ ಕೈಕುಲುಕುವಷ್ಟೇ ಅಂತರ. ಬ್ರೋಕರುಗಳು ಸ್ಕ್ವೇರ್ ಫೂಟಿನ ಲೆಕ್ಕ ಹೇಳುತ್ತಾರೆಯೇ ಹೊರತು ಬಿಸಿಲಿನ ಲೆಕ್ಕ ಹೇಳುವುದಿಲ್ಲ. ಆ ದೃಷ್ಟಿಯಲ್ಲಿ ಈ ಊರಿನ ನಿಜವಾದ ಶ್ರೀಮಂತರು ಮಹಾಲಕ್ಷ್ಮಿಯ ಧೋಬಿ ಘಾಟಿನವರು. ಬ್ರಿಟಿಷರ ಕಾಲದಿಂದ ಅವರ ತಲೆಯ ಮೇಲೆ ಪೂರ್ತಿ ಆಕಾಶವಿದೆ. ಕ್ಲಿಪ್ಪು ಕೂಡ ಬೇಡ. ಹುರಿಹಗ್ಗದ ಎಳೆಗಳ ನಡುವೆ ಅಂಗಿಯ ತುದಿ ಸಿಕ್ಕಿಸಿದರೆ ಸಾಕು. ಕಲೆ ತೆಗೆಯುವ ಈ ಕಸುಬಿನವರು ಹಿಂದೆಲ್ಲ ಯಾರ ಬಟ್ಟೆ ಯಾವುದೆಂದು ತಿಳಿಯಲು ಕರಿಗೇರಿನ ರಸದಿಂದ ಗುರುತು ಹಾಕುತ್ತಿದ್ದರು. ಮರಾಠಿಯವರ ಬಿಬ್ಬಾ. ಅದು ಯಾವ ಸೋಪಿಗೂ ಹೋಗುವಂಥದ್ದಲ್ಲ. ಕಲೆ ತೆಗೆಸಲು ಕೊಟ್ಟ ಬಟ್ಟೆ ಖಾಯಂ ಕಲೆಯೊಂದನ್ನು ಹೊತ್ತು ಬರುತ್ತಿತ್ತು, ಅದಕ್ಕೆ ನಾವು ಕಾಸೂ ಕೊಡುತ್ತಿದ್ದೆವು. "ದಾಗ್ ಅಚ್ಛೆ ಹೈ" ಎಂದು ಟಿವಿಯಲ್ಲಿ ಸಾರಿದ ಕಂಪನಿಯ ಮುಖ್ಯ ಕಚೇರಿಯೂ ಈ ಊರಲ್ಲೇ, ಅಂಧೇರಿಯಲ್ಲಿದೆ. ಅಲ್ಲಿ ಟೆರೇಸಿಗೆ ಬೀಗವಿಲ್ಲವೇನೋ.

ನಮ್ಮಲ್ಲಿ ಇದೆ. ಕೀಲಿಕೈ ವಾಚ್‌ಮನ್ನನ ಹತ್ತಿರ, ಅಪ್ಪಣೆ ಸೆಕ್ರೆಟರಿಯ ಹತ್ತಿರ. ಟೆರೇಸಿನಲ್ಲಿ ಬಟ್ಟೆ ಒಣಹಾಕಬಾರದೆಂದು ಲಿಫ್ಟಿನ ಪಕ್ಕ ನೋಟೀಸು ಅಂಟಿಸಿದ್ದಾರೆ. ಹಪ್ಪಳಕ್ಕೆ ಅಡ್ಡಿಯಿಲ್ಲ. ಏಪ್ರಿಲ್, ಮೇ ಬಂತೆಂದರೆ ಕಾಕುವಿನ ಕುರಡಯಿ, ಮಸಾಲೆಯ ಮೆಣಸಿನಕಾಯಿ, ನಮ್ಮ ಅಕ್ಕಿ ಸಂಡಿಗೆ ಎಲ್ಲ ಅಲ್ಲಿ ಮೈಚಾಚುತ್ತವೆ, ಸೆಕ್ರೆಟರಿಯ ಮನೆಯದೂ ಸೇರಿ. ಈ ಕಾನೂನನ್ನು ನಮ್ಮಾಕೆ ಚೆನ್ನಾಗಿ ಓದಿಕೊಂಡಿದ್ದಾಳೆ. ಸಂಡಿಗೆ ಇಡಲು ಕೆಳಗೆ ಹಾಸುವುದಕ್ಕೊಂದು ಬಿಳಿ ಬಟ್ಟೆ ಬೇಕಲ್ಲ? ಮದುವೆ ಊಟದಲ್ಲಿ ಹುಳಿ ಬಿದ್ದ ನನ್ನ ಪಂಚೆಯನ್ನು ಲಿಕ್ವಿಡ್ ಹಚ್ಚಿ ಒಗೆದು, ಒದ್ದೆಯಾಗಿಯೇ ಹಾಸಿ, ಕಲೆ ಬಿದ್ದ ಮೂಲೆಯೊಂದನ್ನು ಬಿಟ್ಟು ಉಳಿದ ಕಡೆಯೆಲ್ಲ ಸಾಲಾಗಿ ಸಂಡಿಗೆ ಇಟ್ಟಳು.

ಮಧ್ಯಾಹ್ನ ತಪಾಸಣೆಗೆ ಬಂದ ಸೆಕ್ರೆಟರಿ ಕೇಳಿದರಂತೆ, "ಭಾಭಿ, ಈ ಮೂಲೆ ಯಾಕೆ ಖಾಲಿ?"

"ಅದು ಕಾಗೆಗೆ ಬಿಟ್ಟ ಜಾಗ," ಎಂದಳಂತೆ.