ತೊಟ್ಟಿಲಲ್ಲೇ ತೊಂಬತ್ತು ವರ್ಷ

ನಲವತ್ತು ತುಂಬಿತು, ಮುಂದೆ ಹೇಗೋ ಏನೋ ಎಂದು ತಲೆ ಕೆಡಿಸಿಕೊಂಡಿದ್ದೀರಾ? ಬಿಡಿ. ಆಗಬೇಕಾದ್ದೆಲ್ಲ ನೀವು ಹುಟ್ಟಿದ ನಲವತ್ತನೇ ದಿನವೇ ಆಗಿಹೋಗಿದೆ. ಪಾಶ್ಚಾತ್ಯ ಜ್ಯೋತಿಷಿಗಳ ‘ಪ್ರೋಗ್ರೆಸ್ಡ್ ಚಾರ್ಟ್’ ಹೇಳುವುದು ಇಷ್ಟೇ: ಹುಟ್ಟಿದ ಮೇಲಿನ ಒಂದೊಂದು ದಿನವೂ ಬದುಕಿನ ಒಂದೊಂದು ವರ್ಷಕ್ಕೆ ಸಮ. 1984ರ ಆಗಸ್ಟ್ 10ರಂದು ಹುಟ್ಟಿದವರ 2024ನೇ ಇಸವಿ ಹೇಗಿತ್ತು ಎಂದು ತಿಳಿಯಲು 2024ರ ಆಕಾಶ ನೋಡಬೇಕಿಲ್ಲ. 1984ರ ಸೆಪ್ಟೆಂಬರ್ 19ರ ಗ್ರಹಸ್ಥಿತಿ ತೆಗೆದರೆ ಸಾಕು.

ಈ ಲೆಕ್ಕವನ್ನು ಸ್ವಲ್ಪ ನಮ್ಮ ಬಾಣಂತಿ ಕೋಣೆಗೆ ತನ್ನಿ. ಹನ್ನೆರಡನೇ ದಿನ ತೊಟ್ಟಿಲಿಗೆ ಹಾಕಿ ಹೆಸರು ಕರೆಯುವಾಗ ಮಗು ಏಳನೇ ಕ್ಲಾಸು. ಇಪ್ಪತ್ಮೂರನೇ ದಿನ ಹೊಟ್ಟೆನೋವೆಂದು ಅಜ್ಜಿ ಬಜೆ ತೇಯ್ದು ನೆಕ್ಕಿಸಿದಾಗ ಅದು ಕ್ಯಾಂಪಸ್ ಇಂಟರ್‌ವ್ಯೂ. ಇಪ್ಪತ್ತೆಂಟನೇ ದಿನ, ಲಂಗೋಟಿ ಒದ್ದೆ ಮಾಡಿಕೊಂಡು ಚೀರುವಾಗ ಮದುವೆ (ಇದೊಂದು ಮಾತ್ರ ಸರಿಯಾಗಿಯೇ ತಾಳೆಯಾಗುತ್ತದೆ). ಮೂರು ತಿಂಗಳು ತುಂಬಿದರೆ ತೊಂಬತ್ತು ವರ್ಷ. ಮಗು ಮೊದಲ ಸಲ ಬೋರಲು ಬೀಳುವ ಹೊತ್ತಿಗೆ, ಶಾಸ್ತ್ರದ ಪ್ರಕಾರ, ಅದರ ತಿಥಿಯ ವಡೆಗೆ ಉದ್ದು ನೆನೆಹಾಕಿರಬೇಕು.

ದಿನಕ್ಕೂ ವರ್ಷಕ್ಕೂ ಏನು ನಂಟು ಎಂದು ಕೇಳಿದರೆ ಬೈಬಲ್ ತೋರಿಸುವವರಿದ್ದಾರೆ. ಜನರ ಪಾಪ ಹೊತ್ತು ಮಗ್ಗುಲಾಗಿ ಮಲಗಿರು, ವರ್ಷಕ್ಕೊಂದು ದಿನದಂತೆ, ಎಂದು ಯೆಹೆಜ್ಕೇಲ ಪ್ರವಾದಿಗೆ ದೇವರ ಅಪ್ಪಣೆಯಾಗಿತ್ತಂತೆ. ಅದು ಶಿಕ್ಷೆಯ ಲೆಕ್ಕ. ಭವಿಷ್ಯದ ಲೆಕ್ಕವಾದದ್ದು ಆಮೇಲೆ. ಹದಿನೇಳನೇ ಶತಮಾನದಲ್ಲಿ ಪ್ಲಾಸಿಡಸ್ ಎಂಬ ಇಟಲಿಯ ಸನ್ಯಾಸಿ ಇದಕ್ಕೆ ಗಣಿತದ ಅಂಗಿ ತೊಡಿಸಿದ. ಗ್ರಹಗಳ ದಾರಿ ದೀರ್ಘವೃತ್ತ ಎಂದು ತೋರಿಸಿದ ಕೆಪ್ಲರ್ ಕೂಡ ಇದನ್ನು ಒಪ್ಪಿಕೊಂಡಿದ್ದ. ವಾಲೆನ್‌ಸ್ಟೈನ್‌ನಂಥ ದಂಡನಾಯಕರಿಗೆ ಜಾತಕ ಬರೆದುಕೊಡುತ್ತಿದ್ದ ಮನುಷ್ಯ ಅವನು. ದೀರ್ಘವೃತ್ತಕ್ಕೆ ಯಾರೂ ಸಂಬಳ ಕೊಡುವುದಿಲ್ಲವಲ್ಲ.

ಈ ಚಾರ್ಟ್‌ನಲ್ಲಿ ಶನಿಗೆ ಕೆಲಸವೇ ಇಲ್ಲ. ತೊಂಬತ್ತು ದಿನದಲ್ಲಿ ಅವನು ಹತ್ತು ಡಿಗ್ರಿಯಷ್ಟು ತೆವಳಿದರೆ ಹೆಚ್ಚು. ಸೂರ್ಯ ವರ್ಷಕ್ಕೊಂದು ಡಿಗ್ರಿಯಂತೆ ಸರ್ಕಾರಿ ಇನ್‌ಕ್ರಿಮೆಂಟ್ ರೀತಿಯಲ್ಲಿ ಏರುತ್ತಾನೆ. ಚಂದ್ರ ಸುಮಾರು ಇಪ್ಪತ್ತೇಳು ವರ್ಷಕ್ಕೆ ಒಂದು ಸುತ್ತು ಮುಗಿಸುತ್ತಾನೆ. ‘ಇಪ್ಪತ್ತೇಳರ ಹೊತ್ತಿಗೆ ಬದುಕಿನಲ್ಲಿ ದೊಡ್ಡ ತಿರುವು’ ಎಂದು ಯಾರಿಗೆ ಹೇಳಿದರೂ ಹೌದೌದು ಅನ್ನುತ್ತಾರೆ, ಏಕೆಂದರೆ ಆ ವಯಸ್ಸಿನಲ್ಲಿ ಮದುವೆಯೋ, ಕೆಲಸವೋ, ಬೇರೆ ಮನೆಯೋ, ಏನೋ ಒಂದು ಆಗದೇ ಉಳಿದವರು ಯಾರು? ನನಗೆ ಎಲ್ಲಕ್ಕಿಂತ ಇಷ್ಟವಾದವನು ಬುಧ. ಅವನು ವಕ್ರಿಯಾದರೆ ಸುಮಾರು ಮೂರು ವಾರ. ವಕ್ರ ಶುರುವಾದ ದಿನವೇ ಹುಟ್ಟಿದ ಹುಡುಗನಿಗೆ ಅದು ಇಪ್ಪತ್ತೊಂದು, ಇಪ್ಪತ್ತೆರಡು ವರ್ಷ. ಅಷ್ಟು ಹೊತ್ತಿಗೆ ಇಂಜಿನಿಯರಿಂಗ್ ಬ್ಯಾಕ್‌ಲಾಗ್‌ಗಳು ಒಂದೊಂದಾಗಿ ಕ್ಲಿಯರ್ ಆಗಿರುತ್ತವೆ. ಓದಿದ್ದು ಹುಡುಗ, ಫೀಸು ಕಟ್ಟಿದ್ದು ಅಪ್ಪ, ಹೆಸರು ಬುಧನಿಗೆ.

ಹೇಳಿದ್ದು ಆಗಲಿಲ್ಲವೋ, ಗಾಬರಿ ಬೇಡ. ಇದೇ ಅಂಗಡಿಯಲ್ಲಿ ಬೇರೆ ಗಡಿಯಾರಗಳೂ ಇವೆ. ಸೂರ್ಯ ಎಷ್ಟು ಸರಿದನೋ ಅಷ್ಟೇ ಡಿಗ್ರಿ ಎಲ್ಲ ಗ್ರಹಗಳನ್ನೂ ಒಟ್ಟಿಗೆ ತಳ್ಳುವುದು ಸೋಲಾರ್ ಆರ್ಕ್. ಒಂದು ದಿನಕ್ಕೆ ಒಂದು ಚಾಂದ್ರಮಾಸ ಎಂದು ಎಣಿಸುವುದು ಟರ್ಷಿಯರಿ. ಅದೂ ಕೈಕೊಟ್ಟರೆ ಕಾನ್ವರ್ಸ್, ಅಂದರೆ ಹುಟ್ಟಿದ ದಿನದಿಂದ ಹಿಂದಕ್ಕೆ ಎಣಿಸುವುದು. ನಲವತ್ತನೇ ವಯಸ್ಸಿನ ಗಂಡಾಂತರವನ್ನು ನೀವು ಹುಟ್ಟುವ ನಲವತ್ತು ದಿನ ಮೊದಲೇ, ತಾಯಿಗೆ ಸೀಮಂತದ ಬಳೆ ತೊಡಿಸುತ್ತಿದ್ದ ಕಾಲದಲ್ಲೇ, ಹುಡುಕುತ್ತಾರೆ. ನೀವಿನ್ನೂ ಇರಲೇ ಇಲ್ಲ. ನಿಮ್ಮ ಕಷ್ಟ ಮಾತ್ರ ಹಾಜರು.

ಎಲ್ಲಕ್ಕೂ ಹಳೆಯದು ಪ್ರೈಮರಿ ಡೈರೆಕ್ಷನ್. ಭೂಮಿ ನಾಲ್ಕು ನಿಮಿಷಕ್ಕೆ ಒಂದು ಡಿಗ್ರಿ ತಿರುಗುತ್ತದೆ, ಒಂದು ಡಿಗ್ರಿಗೆ ಒಂದು ವರ್ಷ. ಹುಟ್ಟಿದ ಮೊದಲ ಆರು ಗಂಟೆಯಲ್ಲಿ ತೊಂಬತ್ತು ವರ್ಷ ಖಲಾಸ್. ಜನನ ಸಮಯ ನಾಲ್ಕು ನಿಮಿಷ ತಪ್ಪಿದರೆ ಭವಿಷ್ಯ ಒಂದು ವರ್ಷ ತಪ್ಪುತ್ತದೆ. ಆ ಸಮಯವನ್ನು ಬರೆದವರು ಯಾರು? ಮಗುವನ್ನು ಒರೆಸಿ, ತೂಕ ಹಾಕಿ, ಹೊರಗೆ ಕಾಯುತ್ತಿದ್ದವರಿಂದ ಸಿಹಿಗೆ ಕಾಸು ತೆಗೆದುಕೊಂಡು, ಆಮೇಲೆ ಗೋಡೆ ಗಡಿಯಾರ ನೋಡಿದ ಸಿಸ್ಟರ್. ಇದಕ್ಕೂ ಮದ್ದಿದೆ: ಜನ್ಮಸಮಯ ಶುದ್ಧಿ.

“ಮದುವೆ ಯಾವ ವರ್ಷ?”

“2011, ಗುರೂಜಿ.”

“2013 ಬರ್ತಾ ಇದೆಯಲ್ಲ. ನಿಮ್ಮ ಜನನ ಸಮಯ ಎಂಟು ನಿಮಿಷ ತಪ್ಪಿದೆ.”

“ಆಸ್ಪತ್ರೆಯವರೇ ಬರ್ಕೊಟ್ಟಿದ್ದು...”

“ಅವರಿಗೇನ್ರೀ ಗೊತ್ತು?”

ತಿದ್ದಿದ ಸಮಯದಿಂದ ಲೆಕ್ಕ ಹಾಕಿದರೆ ಮದುವೆ ಕರಾರುವಾಕ್ಕಾಗಿ 2011ಕ್ಕೇ ಬಂದು ಕೂರುತ್ತದೆ. ಗಿರಾಕಿ ಬೆರಗಾಗಿ ಮನೆಗೆ ಹೋಗುತ್ತಾನೆ: ಎಂಥ ವಿದ್ಯೆ, ನನ್ನ ಮದುವೆ ಆದ ವರ್ಷವನ್ನು ನಾನು ಹೇಳಿದ ಐದೇ ನಿಮಿಷದಲ್ಲಿ ಹೇಳಿಬಿಟ್ಟರು!

ಬಿಳಿಯರನ್ನು ನೋಡಿ ನಗುವ ಹಕ್ಕು ನಮಗೇನೂ ಇಲ್ಲ. ಮಗು ಹುಟ್ಟಿದಾಗ ಚಂದ್ರ ನಿಂತ ನಕ್ಷತ್ರದಿಂದ 120 ವರ್ಷದ ವಿಂಶೋತ್ತರಿ ದಶೆ ಬಿಚ್ಚುವವರು ನಾವು. ಶುಕ್ರನಿಗೆ 20 ವರ್ಷ, ಶನಿಗೆ 19, ಪಾಪ ಸೂರ್ಯನಿಗೆ 6. ಒಂಬತ್ತು ದಶೆ, ಒಳಗೆ 81 ಭುಕ್ತಿ, ಅದರೊಳಗೆ 729 ಅಂತರ. ಇಷ್ಟು ಖಾನೆಗಳಿರುವ ಬೀರುವಿನಲ್ಲಿ ಯಾವ ಕಷ್ಟಕ್ಕೆ ತಾನೇ ಜಾಗ ಸಿಗುವುದಿಲ್ಲ? ಕುಜ-ರಾಹು ಸಂಧಿಯ ಹೆಸರು ಕೇಳಿದರೆ ಸಾಕು, ನಮ್ಮ ಎಷ್ಟೋ ಮನೆಗಳಲ್ಲಿ ಶಾಂತಿಯ ಪಟ್ಟಿ ಬರೆಯಲು ಪೆನ್ನು ಹುಡುಕುತ್ತಾರೆ. ಈ ವಿದ್ಯೆಯನ್ನು ಪರೀಕ್ಷಿಸಲೆಂದೇ ಖಗೋಳವಿಜ್ಞಾನಿ ಜಯಂತ ನಾರ್ಳೀಕರ್ 2008ರಲ್ಲಿ ಮಹಾರಾಷ್ಟ್ರದ ಜ್ಯೋತಿಷಿಗಳಿಗೆ ತಲಾ 40 ಜಾತಕ ಕೊಟ್ಟು, ಇವರಲ್ಲಿ ಓದಿನಲ್ಲಿ ಮುಂದಿರುವ ಮಕ್ಕಳು ಯಾರು, ಬುದ್ಧಿಮಾಂದ್ಯ ಮಕ್ಕಳು ಯಾರು ಎಂದು ಕೇಳಿದ್ದರು. 27 ಜನ ಉತ್ತರ ಕೊಟ್ಟರು. ಸರಾಸರಿ ಸರಿಯುತ್ತರ ಶೇ 46. ನಾಣ್ಯ ಚಿಮ್ಮಿದ್ದರೆ ಐವತ್ತು ಬರುತ್ತಿತ್ತು, ನಾಣ್ಯಕ್ಕೆ ದಕ್ಷಿಣೆಯನ್ನೂ ಕೊಡಬೇಕಿರಲಿಲ್ಲ.

ಪ್ರೋಗ್ರೆಸ್ಡ್ ಚಾರ್ಟನ್ನು ಮನೆಮನೆಗೆ ತಲುಪಿಸಿದವನು ಲಂಡನ್ನಿನ ಆಲನ್ ಲಿಯೋ. ಥಿಯಾಸಫಿಸ್ಟ್, ಭಾರತಕ್ಕೂ ಬಂದುಹೋದವನು. ಮೊದಲು ಊರೂರು ಸುತ್ತುವ ಸೇಲ್ಸ್‌ಮನ್ ಆಗಿದ್ದನಾದ್ದರಿಂದ ಅವನಿಗೆ ಜ್ಯೋತಿಷ್ಯಕ್ಕಿಂತ ಮುಖ್ಯವಾದ ವಿದ್ಯೆ ಗೊತ್ತಿತ್ತು. ಒಂದು ಶಿಲ್ಲಿಂಗಿಗೆ ಒಂದು ಜಾತಕ. ಸೂರ್ಯ ಈ ರಾಶಿಯಲ್ಲಿದ್ದರೆ ಈ ಹಾಳೆ, ಚಂದ್ರ ಆ ರಾಶಿಯಲ್ಲಿದ್ದರೆ ಆ ಹಾಳೆ ಎಂದು ಮೊದಲೇ ಪ್ರತಿ ಮಾಡಿಟ್ಟು, ಗುಮಾಸ್ತರು ಜೋಡಿಸಿ ಅಂಚೆಗೆ ಹಾಕುತ್ತಿದ್ದರು. ಇವತ್ತಿನ ಜಾತಕದ ಆ್ಯಪ್‌ಗೆ ಅವನೇ ಮೂಲಪುರುಷ. ‘ದಿ ಪ್ರೋಗ್ರೆಸ್ಡ್ ಹೊರೋಸ್ಕೋಪ್’ ಎಂದು ದಪ್ಪದೊಂದು ಪುಸ್ತಕವನ್ನೂ ಬರೆದ.

1914ರಲ್ಲಿ ಪೊಲೀಸರು ಅವನ ಮೇಲೆ ಕಣಿ ಹೇಳುವ ಕೇಸು ಹಾಕಿದರು. ಬಚಾವಾದ. 1917ರಲ್ಲಿ ಮತ್ತೆ ಹಾಕಿದರು. ನಾನು ಭವಿಷ್ಯ ಹೇಳುವುದಿಲ್ಲ, ಒಲವುಗಳನ್ನು ಮಾತ್ರ ಸೂಚಿಸುತ್ತೇನೆ ಎಂದು ವಾದಿಸಿದ. ಅವನ ಕಚೇರಿಯಿಂದ ಹೋದ ಕಾಗದದಲ್ಲಿ, ಮನೆಯಲ್ಲೊಂದು ಸಾವಾಗಿ ದುಃಖವಾಗಬಹುದು ಎಂಬರ್ಥದ ಸಾಲಿತ್ತು. ಸಾವು ಎಂಥ ಒಲವು ಎಂಬುದು ಕೋರ್ಟಿಗೆ ಹೊಳೆಯಲಿಲ್ಲ. ಐದು ಪೌಂಡ್ ದಂಡ, ಮೇಲೆ ಖರ್ಚು. ಈ ಕೇಸು ಅವನ ಪ್ರೋಗ್ರೆಸ್ಡ್ ಚಾರ್ಟ್‌ನಲ್ಲಿ ಕಂಡಿತ್ತೇ ಎಂದು ಕೇಳುವುದು ಸಭ್ಯತೆಯಲ್ಲ. ‘ಆಗುತ್ತದೆ’ ಎಂದಿದ್ದಲ್ಲೆಲ್ಲ ‘ಒಲವಿದೆ’ ಎಂದು ತನ್ನ ಬರಹಗಳನ್ನು ತಿದ್ದಲು ಕೂತ; ಅದೇ ವರ್ಷದ ಆಗಸ್ಟ್‌ನಲ್ಲಿ ತೀರಿಕೊಂಡ.

ತಿದ್ದುಪಡಿ ಮಾತ್ರ ಬದುಕಿತು. ಈಗ ಯಾವ ಜ್ಯೋತಿಷಿಯೂ ಕೆಲಸ ಹೋಗುತ್ತದೆ ಎನ್ನುವುದಿಲ್ಲ. ‘ವೃತ್ತಿಜೀವನದಲ್ಲಿ ಪರಿವರ್ತನೆಯ ಕಾಲ, ಹೊಸ ಅವಕಾಶಗಳಿಗೆ ತೆರೆದುಕೊಳ್ಳಿ’ ಎನ್ನುತ್ತಾರೆ. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳ ಎಚ್‌ಆರ್‌ನವರು ಶುಕ್ರವಾರ ಸಂಜೆ ಕಳಿಸುವ ಮೇಲ್‌ನಲ್ಲೂ ಇದೇ ಒಕ್ಕಣೆ ಇರುತ್ತದೆ. ಆದರೆ ಎಚ್‌ಆರ್‌ನವರು ಹೇಳಿದ್ದು ಸೋಮವಾರದೊಳಗೆ ಆಗಿರುತ್ತದೆ, ಅದಕ್ಕೆ ಹುಟ್ಟಿದ ಸಮಯವೂ ಬೇಕಿಲ್ಲ, ಎಂಪ್ಲಾಯೀ ಐಡಿ ಒಂದಿದ್ದರೆ ಸಾಕು.