ಟೈರಿಗೆ ನೈಟ್ರೋಜನ್: ಹಸಿರು ಕ್ಯಾಪಿನ ಒಡೆಯರಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ನೈಟ್ರೋಜನ್ ಮಾರುವ ಸಮಸ್ತ ಪೆಟ್ರೋಲ್ ಬಂಕ್ ಹಾಗೂ ಟೈರ್ ಅಂಗಡಿಗಳ ಮಾಲೀಕರು

ವಿಷಯ: ಕಾರಿನ ಟೈರಿಗೆ ದುಡ್ಡು ಕೊಟ್ಟು ನೈಟ್ರೋಜನ್ ತುಂಬಿಸುವುದರ ಲಾಭ ನಷ್ಟದ ಕುರಿತು

ಮಾನ್ಯರೇ,

ವಾತಾವರಣದ ಗಾಳಿಯಲ್ಲಿ ಶೇ 78ರಷ್ಟು ನೈಟ್ರೋಜನ್, ಶೇ 21ರಷ್ಟು ಆಮ್ಲಜನಕ ಇದೆ. ಉಳಿದ ಚೂರಿನಲ್ಲಿ ಬಹುಪಾಲು ಆರ್ಗಾನ್. ಬಂಕಿನ ಒಂದು ಮೂಲೆಯಲ್ಲಿ ಪುಕ್ಕಟೆ ಸಿಗುವುದು ಈ ಗಾಳಿಯೇ. ಇನ್ನೊಂದು ಮೂಲೆಯ ಯಂತ್ರ ಅದೇ ಗಾಳಿಯನ್ನು ಒಳಗೆಳೆದುಕೊಂಡು, ಆಮ್ಲಜನಕ ಮತ್ತು ತೇವವನ್ನು ಸೋಸಿ, ಶೇ 95ರ ಆಸುಪಾಸಿನ ನೈಟ್ರೋಜನ್ ಕೊಡುತ್ತದೆ. ವಾಲ್ವಿನ ಮೇಲೆ ಹಸಿರು ಕ್ಯಾಪ್ ಕೂರುತ್ತದೆ, ಟೈರಿಗಿಷ್ಟು ಎಂದು ಬಿಲ್ಲಾಗುತ್ತದೆ. ಹಾಗೆ ನೋಡಿದರೆ ಮಾರಾಟಕ್ಕಿರುವ ಸರಕು 78ಕ್ಕೂ 95ಕ್ಕೂ ನಡುವಿನ ವ್ಯತ್ಯಾಸವಷ್ಟೇ. ತೈಲ ಕಂಪನಿಗಳ ನಿಯಮದಂತೆ ಬಂಕಿನಲ್ಲಿ ಗಾಳಿ ಉಚಿತವಾಗಿ ಸಿಗಬೇಕು. ಆ ಉಚಿತ ಗಾಳಿಯ ಯಂತ್ರ ಕೆಟ್ಟು ನಿಂತ ದಿನವೂ ಪಕ್ಕದ ನೈಟ್ರೋಜನ್ ಯಂತ್ರ ಕೆಡದೆ ನಡೆಯುವುದು ಬಹುಶಃ ಈ ಅನಿಲದ ಜಡಗುಣಕ್ಕೆ ಸಾಕ್ಷಿ.

ಆ ವ್ಯತ್ಯಾಸ ಕೂಡ ಪೂರ್ತಿಯಾಗಿ ಟೈರ್ ಸೇರುವುದಿಲ್ಲ. ಜಾಕ್ ಕೊಟ್ಟು ಎತ್ತಿದ ಚಕ್ರದ ಗಾಳಿಯನ್ನೆಲ್ಲ ಬಿಟ್ಟರೂ ಒಳಗೆ ವಾತಾವರಣದ ಒತ್ತಡದಷ್ಟು, ಅಂದರೆ 14.7 ಪಿಎಸ್‌ಐ ಗಾಳಿ ಉಳಿದೇ ಇರುತ್ತದೆ. ಗೇಜು ಸೊನ್ನೆ ಎನ್ನುವುದು ಇದನ್ನೇ. ಅದರ ಮೇಲೆ 32 ಪಿಎಸ್‌ಐವರೆಗೆ ನೈಟ್ರೋಜನ್ ತುಂಬಿದರೆ ಸುಮಾರು ಮೂರರಲ್ಲೊಂದು ಪಾಲು ಹಳೆಯ ಗಾಳಿಯೇ ಆಗಿ, ಒಟ್ಟು ನೈಟ್ರೋಜನ್ ಶೇ 90ರ ಹತ್ತಿರ ನಿಲ್ಲುತ್ತದೆ. ಇನ್ನೂ ಮೇಲೆ ಹೋಗಬೇಕಾದರೆ ತುಂಬಿ, ಬಿಟ್ಟು, ಮತ್ತೆ ತುಂಬಬೇಕು. ಹಿಂದೆ ಸಾಲುಗಟ್ಟಿದ ಕಾರುಗಳು ಹಾರ್ನ್ ಹೊಡೆಯುತ್ತಿರುವಾಗ ಇಂಥ ಶುದ್ಧಿಕರ್ಮಕ್ಕೆ ಮುಹೂರ್ತ ಕೂಡಿಬರುವುದು ಕಷ್ಟ.

ಮಾರಾಟದ ಮೊದಲನೆಯ ಮಾತು: ನೈಟ್ರೋಜನ್ ಸೋರುವುದಿಲ್ಲ. ಇದರಲ್ಲಿ ನಿಜದ ಅಂಶವಿದೆ. ಆಮ್ಲಜನಕ ರಬ್ಬರಿನ ಮೂಲಕ ನೈಟ್ರೋಜನ್‌ಗಿಂತ ಮೂರು ನಾಲ್ಕು ಪಟ್ಟು ಬೇಗ ಹೊರಬೀಳುತ್ತದೆ. ಇದರಿಂದ ಆಗುವ ಲಾಭ ಎಷ್ಟೆಂಬುದನ್ನು ಅಮೆರಿಕದ ‘ಕನ್ಸ್ಯೂಮರ್ ರಿಪೋರ್ಟ್ಸ್’ ಪತ್ರಿಕೆ ಅಳೆದು ನೋಡಿದೆ. 31 ಮಾದರಿಗಳಿಂದ ಎರಡೆರಡು ಟೈರ್ ತೆಗೆದುಕೊಂಡು, ಒಂದಕ್ಕೆ ಗಾಳಿ, ಇನ್ನೊಂದಕ್ಕೆ ನೈಟ್ರೋಜನ್ ತುಂಬಿ, 30 ಪಿಎಸ್‌ಐಗೆ ಹೊಂದಿಸಿ, ವರ್ಷವಿಡೀ ಬಯಲಿನಲ್ಲಿ ಇಡಲಾಯಿತು. ವರ್ಷದ ಕೊನೆಗೆ ಗಾಳಿಯ ಟೈರುಗಳು ಸರಾಸರಿ 3.5 ಪಿಎಸ್‌ಐ, ನೈಟ್ರೋಜನ್ ಟೈರುಗಳು 2.2 ಪಿಎಸ್‌ಐ ಕಳೆದುಕೊಂಡಿದ್ದವು. ವ್ಯತ್ಯಾಸ ವರ್ಷಕ್ಕೆ 1.3 ಪಿಎಸ್‌ಐ. ‘ಸೋರುವುದಿಲ್ಲ’ ಎಂಬ ಬೋರ್ಡನ್ನು ‘ಕೊಂಚ ನಿಧಾನವಾಗಿ ಸೋರುತ್ತದೆ’ ಎಂದು ತಿದ್ದಿಸಲು ಪೇಂಟರಿಗೆ ಕೊಡಬೇಕಾದ ಕೂಲಿ ಹೆಚ್ಚೇನೂ ಆಗದು. ಇನ್ನೊಂದು ಸಂಗತಿಯೂ ಇದೆ: ಮೊದಲು ಹೊರಹೋಗುವುದು ಆಮ್ಲಜನಕವಾದ್ದರಿಂದ, ಮತ್ತೆ ಮತ್ತೆ ಮಾಮೂಲಿ ಗಾಳಿ ಹೊಡೆಸಿದ ಟೈರಿನಲ್ಲೂ ನೈಟ್ರೋಜನ್ ಪ್ರಮಾಣ ತಾನಾಗಿ ಏರುತ್ತ ಹೋಗುತ್ತದೆ. ಟೈರ್ ಈ ಸೇವೆಗೆ ಬಿಲ್ ಕೊಡುವುದಿಲ್ಲ.

ಎರಡನೆಯ ಮಾತು: ಬಿಸಿಲಲ್ಲಿ ಒತ್ತಡ ಏರುವುದಿಲ್ಲ, ಟೈರ್ ತಂಪಾಗಿರುತ್ತದೆ. ಇದು ಭೌತಶಾಸ್ತ್ರಕ್ಕೆ ಸುದ್ದಿ. ಮುಚ್ಚಿದ ಟೈರಿನೊಳಗೆ ತಾಪ ಏರಿದಂತೆ ಒತ್ತಡ ಏರುತ್ತದೆ. ಈ ನಿಯಮ ಗಾಳಿಗೂ ನೈಟ್ರೋಜನ್‌ಗೂ ಒಂದೇ. 30 ಡಿಗ್ರಿಯಲ್ಲಿ 32 ಪಿಎಸ್‌ಐ ಇದ್ದ ಟೈರ್, ರಾಯಚೂರಿನ ಬೇಸಿಗೆಯ ಹೆದ್ದಾರಿಯಲ್ಲಿ ಓಡಿ 60 ಡಿಗ್ರಿಗೆ ಕಾದರೆ, ಒಳಗೆ ಯಾವ ಅನಿಲವಿದ್ದರೂ ಒತ್ತಡ ಸುಮಾರು 36.5ಕ್ಕೆ ಏರುತ್ತದೆ. ವ್ಯತ್ಯಾಸ ತರುವುದು ನೀರು. ಟೈರಿನೊಳಗೆ ನೀರು ನಿಂತಿದ್ದರೆ, ಅದರ ಆವಿ ಅದೇ 60 ಡಿಗ್ರಿಯಲ್ಲಿ ಇನ್ನೂ ಎರಡು ಪಿಎಸ್‌ಐಗೂ ಹೆಚ್ಚು ಸೇರಿಸುತ್ತದೆ. ಇದಕ್ಕೆ ಮದ್ದು ಕಂಪ್ರೆಸರ್ ಟ್ಯಾಂಕಿನ ತಳದಲ್ಲಿ ಕೂತ ನೀರನ್ನು ದಿನಾ ಹೊರಬಿಡುವುದು. ಆ ನಲ್ಲಿ ತಿರುಗಿಸಲು ಹಸಿರು ಬಣ್ಣ ಬೇಕಿಲ್ಲ.

ಮೂರನೆಯ ಮಾತು: ಮೈಲೇಜು ಹೆಚ್ಚುತ್ತದೆ, ರಿಮ್ಮಿಗೆ ತುಕ್ಕು ಹಿಡಿಯುವುದಿಲ್ಲ. ಸಣ್ಣ ಕಾರಿನ ಒಂದು ಟೈರಿನಲ್ಲಿರುವ ಗಾಳಿಯ ತೂಕ ಸುಮಾರು 100 ಗ್ರಾಂ. ನೈಟ್ರೋಜನ್ ಅದಕ್ಕಿಂತ ಮೂರು ನಾಲ್ಕು ಗ್ರಾಂ ಹಗುರ. ಮೈಲೇಜನ್ನು ಕಾಯುವುದು ಸರಿಯಾದ ಒತ್ತಡ, ಅದನ್ನು ಯಾವ ಅನಿಲದಿಂದ ತಂದರೂ ಆದೀತು. ಇನ್ನು ತುಕ್ಕು: ರಿಮ್ಮಿನ ಹೊರಮೈ ಮಳೆ, ಕೆಸರು ಮತ್ತು ಶೇ 21ರ ಆಮ್ಲಜನಕದ ನಡುವೆಯೇ ಬಾಳುತ್ತದೆ. ಒಳಮೈಗೆ ಮಾತ್ರ ರಕ್ಷಣೆ ಒದಗಿಸುವ ಈ ಯೋಜನೆಗೆ ಅಲಾಯ್ ಚಕ್ರಗಳು ಅರ್ಜಿ ಹಾಕಿಲ್ಲ.

ನಾಲ್ಕನೆಯ ಮಾತು: ವಿಮಾನದ ಟೈರಿಗೂ ನೈಟ್ರೋಜನ್ನೇ ತುಂಬುತ್ತಾರೆ. ಇದು ಗಂಭೀರವಾದದ್ದು. 1986ರ ಮಾರ್ಚ್ 31ರಂದು ಮೆಕ್ಸಿಕೊ ಸಿಟಿಯಿಂದ ಹೊರಟ ಮೆಕ್ಸಿಕಾನಾ ಸಂಸ್ಥೆಯ ಬೋಯಿಂಗ್ 727 ವಿಮಾನ ಪತನವಾಗಿ, ಒಳಗಿದ್ದ 167 ಮಂದಿಯೂ ಸತ್ತರು. ಅಂಟಿಕೊಂಡ ಬ್ರೇಕಿನಿಂದ ಮಿತಿಮೀರಿ ಕಾದ, ನೈಟ್ರೋಜನ್ ಬದಲು ಗಾಳಿ ತುಂಬಿದ್ದ ಟೈರ್ ಆಕಾಶದಲ್ಲಿ ಸಿಡಿದಿತ್ತು. ಬ್ರೇಕ್ ಇರುವ ಚಕ್ರಗಳ ಟೈರಿನಲ್ಲಿ ಆಮ್ಲಜನಕ ಶೇ 5 ಮೀರಬಾರದೆಂದು ಅಮೆರಿಕದ ವಾಯುಯಾನ ಇಲಾಖೆ ದೊಡ್ಡ ವಿಮಾನಗಳಿಗೆ ನಿಯಮ ಮಾಡಿತು. ಅಲ್ಲಿ ಒತ್ತಡ 200 ಪಿಎಸ್‌ಐ ಸುತ್ತಮುತ್ತ, ನೆಲ ಮುಟ್ಟುವ ವೇಗ ಗಂಟೆಗೆ 200 ಕಿಲೋಮೀಟರಿಗೂ ಮೇಲೆ. ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ತೆವಳುವ ಕಾರಿಗೆ ಸದ್ಯಕ್ಕೆ ಟೇಕಾಫ್ ಆಗುವ ಅಪಾಯವಿಲ್ಲ.

ಈ ಅನಿಲಕ್ಕೆ ರಾಜ್ಯಸಭೆಯಲ್ಲೂ ಮನ್ನಣೆ ದೊರೆತಿದೆ. ಟೈರ್ ಸಿಡಿದು ಆಗುವ ಅಪಘಾತ ತಡೆಯಲು, ಟೈರ್ ತಯಾರಿಕೆಯಲ್ಲಿ ರಬ್ಬರಿಗೆ ಸಿಲಿಕಾನ್ ಬೆರೆಸುವುದನ್ನು ಮತ್ತು ಟೈರಿಗೆ ಗಾಳಿಯ ಬದಲು ನೈಟ್ರೋಜನ್ ತುಂಬುವುದನ್ನು ಕಡ್ಡಾಯ ಮಾಡಲು ಸರ್ಕಾರ ಯೋಚಿಸುತ್ತಿದೆ ಎಂದು ಸಾರಿಗೆ ಸಚಿವ ನಿತಿನ್ ಗಡ್ಕರಿ 2019ರ ಜುಲೈನಲ್ಲಿ ಹೇಳಿದ್ದರು. ಆದರೆ ಹೆದ್ದಾರಿಯಲ್ಲಿ ಟೈರ್ ಸಿಡಿಯಲು ಕಾರಣಗಳು ಬೇರೆ. ಒತ್ತಡ ಕಡಿಮೆಯಾದ ಟೈರಿನ ಪಕ್ಕೆ ಪ್ರತಿ ಸುತ್ತಿಗೂ ಹೆಚ್ಚು ಬಾಗುತ್ತದೆ. ಬಾಗಿದಷ್ಟೂ ರಬ್ಬರ್ ಕಾಯುತ್ತದೆ. ಜೊತೆಗೆ ಮಿತಿಮೀರಿದ ಭಾರ, ವೇಗ, ವಯಸ್ಸಾದ ರಬ್ಬರ್ ಸೇರಿದರೆ ಒಳಗಿನ ದಾರದ ಪದರಗಳು ಬಿಟ್ಟುಕೊಳ್ಳುತ್ತವೆ. ಮೇಲ್ಮೈಯ ಬಟನ್‌ಗಳ ಆಳ 1.6 ಮಿಲಿಮೀಟರ್‌ಗಿಂತ ಕಡಿಮೆಯಾಗುವಷ್ಟು ಸವೆದ ಕಾರಿನ ಟೈರ್ ಕಾನೂನಿನ ಪ್ರಕಾರವೇ ರಸ್ತೆಗೆ ಸಲ್ಲದು. ಅಂಥ ಟೈರಿಗೆ ನೈಟ್ರೋಜನ್ ತುಂಬಿಸುವುದು ಬಿಲ್ಲಿಗೆ ಭೂಷಣವೇ ಹೊರತು ಪ್ರಯಾಣಿಕರಿಗೆ ರಕ್ಷಣೆಯಲ್ಲ.

ನೈಟ್ರೋಜನ್‌ನಿಂದ ಕೆಡುಕಿಲ್ಲ, ಹೊಸ ಟೈರಿನ ಜೊತೆ ಬಿಟ್ಟಿ ಸಿಕ್ಕರೆ ಬೇಡ ಎನ್ನಬೇಕಾಗಿಲ್ಲ. ಕೆಡುಕಿರುವುದು ಹಸಿರು ಕ್ಯಾಪ್ ಹುಟ್ಟಿಸುವ ನಂಬಿಕೆಯಲ್ಲಿ. ಕ್ಯಾಪ್ ಏರಿದ ಮೇಲೆ ತಿಂಗಳುಗಟ್ಟಲೆ ಗೇಜು ಇಡದವರಿದ್ದಾರೆ. ಗಾಳಿ ಬೆರೆತರೆ ಮೈಲಿಗೆಯಾದೀತೆಂದು ಇಳಿದ ಟೈರಿನಲ್ಲೇ ಮುಂದಿನ ನೈಟ್ರೋಜನ್ ಬಂಕಿನವರೆಗೆ ಓಡಿಸುವವರೂ ಇದ್ದಾರೆ. ಎರಡನ್ನೂ ಬೆರೆಸುವುದರಿಂದ ಏನೂ ಆಗದು.

ಆದ್ದರಿಂದ ಮಾನ್ಯರಲ್ಲಿ ವಿನಂತಿ ಇಷ್ಟೇ: ಪುಕ್ಕಟೆ ಗಾಳಿಯ ಯಂತ್ರ ರಿಪೇರಿಯಾಗಲಿ, ಅದರ ಗೇಜು ಸರಿಯಾದ ಲೆಕ್ಕ ತೋರಿಸಲಿ. ವಾಹನ ಮಾಲೀಕರು ತಿಂಗಳಿಗೊಮ್ಮೆ, ಗಾಡಿ ಓಡಿಸುವ ಮೊದಲು, ಟೈರ್ ತಣ್ಣಗಿರುವಾಗ ಒತ್ತಡ ನೋಡಿ, ಚಾಲಕನ ಬಾಗಿಲಿನ ಚೌಕಟ್ಟಿನಲ್ಲೋ ಕೈಪಿಡಿಯಲ್ಲೋ ಇರುವ ಅಂಕಿಗೆ ಹೊಂದಿಸಿಕೊಳ್ಳಬೇಕು, ಸ್ಟೆಪ್ನಿಯನ್ನೂ ಮರೆಯಬಾರದು. ಇದಿಷ್ಟು ಮಾಡುವವರಿಗೆ ನೈಟ್ರೋಜನ್‌ಗೆ ಕೊಡುವ ದುಡ್ಡು ದಂಡ; ಮಾಡದವರನ್ನು ನೈಟ್ರೋಜನ್ ಕೂಡ ಕಾಪಾಡದು.

ಇಂತಿ,
ಸಮಸ್ತ ವಾಹನ ಮಾಲೀಕರ ಪರವಾಗಿ